ನಮ್ಮ ಊರಲ್ಲಿ ಯಾರೂ ಇಲ್ಲ ಎಂದ ಪಾಠ

ಆಗ ನನಗೆ ಅರವತ್ತೆಂಟು ವಯಸ್ಸು. ಈಗ್ಗೆ ಮೂರು ವರ್ಷದ ಹಿಂದಿನ ಮಾತು. ಕುಟ್ಟದ ಶಾಲೆಯಲ್ಲಿ ಎರಡನೇ ಕ್ಲಾಸಿನವರೆಗೆ ಕಲಿತ ಅಕ್ಷರದಲ್ಲಿ ಇದನ್ನು ಬರೆದಿದ್ದೇನೆ. ತಪ್ಪು ಇದ್ದಲ್ಲಿ ಸೌಮ್ಯ ತಿದ್ದಿದ್ದಾಳೆ.

ನಮ್ಮ ಊರು ಕುಟ್ಟದ ಗಡಿಯಾಚೆ, ಮಲಯಾಳ ಸೀಮೆಯ ತೋಲ್ಪೆಟ್ಟಿಯಿಂದ ಕಾಡೊಳಗೆ ಇದೆ. ಸರ್ಕಾರ ರಸ್ತೆ ಬದಿಯ ಕಾಲೋನಿಯಲ್ಲಿ ಮನೆ ಕೊಟ್ಟ ಮೇಲೆ ಒಂದೊಂದೇ ಮನೆಯವರು ಹೊರಟರು. ಹೋಗುವವರು ಬಾಗಿಲು, ಹೆಂಚು ಕಿತ್ತುಕೊಂಡೇ ಹೋದರು. ಕಡೆಗೆ ಉಳಿದವಳು ನಾನೊಬ್ಬಳು. ಕೋಳಿಗೆ ಬೈದದ್ದು ಬಿಟ್ಟರೆ ಬಾಯಿಂದ ಬೇರೆ ಮಾತೇ ಹೊರಡದ ದಿನಗಳಿದ್ದವು.

ಸೌಮ್ಯ ನನ್ನ ಪಕ್ಕದ ಮನೆಯಲ್ಲಿದ್ದ ಗೆಳತಿಯ ಮೊಮ್ಮಗಳು. ಈಗ ಕಾಲೋನಿಯಲ್ಲಿದ್ದಾಳೆ, ಆಗ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಳು. ಒಂದು ಭಾನುವಾರ ಬಂದವಳು ಮುಖ ಸಣ್ಣದು ಮಾಡಿಕೊಂಡು ಫೋನು ತೋರಿಸಿದಳು. ಅದರಲ್ಲಿ ಬಾಗಿಲಿಲ್ಲದ ಒಂದು ಮನೆಯ ಚಿತ್ರ.

"ಇದು ನನ್ನ ಮನೆ ಅಲ್ಲವೇನೇ?"

"ಹೌದಜ್ಜಿ. ನಮ್ಮ ಟೀಚರ್ ಮಾಡಿದ ಪಾಠ. ಕಾಡು ಬಿಟ್ಟು ಬಂದ ಊರುಗಳ ಬಗ್ಗೆ. ಕೆಳಗೆ ಬರ್ದಿದ್ದಾರೆ, ಈ ಊರಲ್ಲಿ ಈಗ ಯಾರೂ ಇಲ್ಲ, ಇದೇ ಕೊನೆಯ ಖಾಲಿ ಮನೆ ಅಂತ."

ಆ ವರ್ಷದ ಬೇಸಿಗೆಯಲ್ಲಿ ಒಂದು ದಿನ ಹುಳ ಹಿಡಿದ ಬಿದಿರ ತಟ್ಟಿಯ ಬಾಗಿಲನ್ನು ಬಿಚ್ಚಿ ತೋಡಿನ ನೀರಿನಲ್ಲಿ ನೆನೆಹಾಕಿದ್ದೆ. ನಾನೂ ಅಲ್ಲೇ ಬಟ್ಟೆ ಒಗೆಯುತ್ತ ಕೂತಿದ್ದೆ. ಯಾರೋ ಹುಡುಗರು ಬಂದಿರಬೇಕು. ಬಾಗಿಲಿಲ್ಲದ್ದು ನೋಡಿ ಈ ಮನೆಯವರೂ ಹೋದರು ಅಂದುಕೊಂಡು ಫೋಟೋ ತೆಗೆದು ನಡೆದಿರಬೇಕು.

"ಈ ಪಾಠ ಯಾರು ನೋಡ್ತಾರೆ?" ಕೇಳಿದೆ.

"ಯಾರು ಬೇಕಾದ್ರೂ. ಟೀಚರ್ ಎಲ್ಲ ಪಾಠಾನೂ ನೆಟ್ಟಲ್ಲಿ ಬಿಟ್ಟಿ ಹಾಕ್ತಾರೆ. ಬೇರೆ ಕಾಲೇಜಿನವರೂ ತೆಗೆದು ಕಲಿಸಬಹುದು."

"ತಪ್ಪಿದ್ದರೆ ತಿದ್ದೋದು ಯಾರು?"

"ಟೀಚರ್ ಒಬ್ಬರೇ," ಅಂದಳು.

ಒಂಟಿಯಾಗಿ ಇರುವುದು ಒಂದು ಬಗೆ. ಇದ್ದೂ ಇಲ್ಲ ಅನ್ನಿಸಿಕೊಳ್ಳುವುದು ಬೇರೆ. ತಿಂಗಳಿಗೊಮ್ಮೆ ಬರುವ ಆಸ್ಪತ್ರೆ ಜೀಪಿನವರು ಈ ಪಾಠ ನೋಡಿ, ಇನ್ನು ಯಾರಿಗಾಗಿ ಹೋಗುವುದು ಅಂದುಬಿಟ್ಟರೆ? ಸೋಮವಾರ ಸೌಮ್ಯಳ ಜೊತೆ ಯೂನಿವರ್ಸಿಟಿಗೆ ಬಸ್ಸು ಹತ್ತಿದೆ.

ಕ್ಲಾಸು ನಡೆಯುತ್ತಿತ್ತು. ಹೊರಗೆ ನಿಲ್ಲಿ ಅಂತ ಸೌಮ್ಯ ಸೆರಗು ಎಳೆದಳು. ನಾನು ಒಳಗೆ ಹೋದೆ.

"ಟೀಚರೇ, ಆ ಖಾಲಿ ಮನೆ ನನ್ನದು. ನಾನು ಸತ್ತಿಲ್ಲ."

ಹುಡುಗರು ಜೋರಾಗಿ ನಕ್ಕರು. ನನಗೆ ಕಿವಿ ಬಿಸಿಯಾಯಿತು, ಯಾಕಾದರೂ ಬಂದೆನೋ ಅನ್ನಿಸಿತು. ಟೀಚರ್ ನಗಲಿಲ್ಲ. ನನ್ನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, ಬಾಗಿಲಿನ ಕಥೆ ಪೂರ್ತಿ ಕೇಳಿ, "ತೆಟ್ಟು ಪಟ್ಟಿ, ಅಮ್ಮೇ" ಅಂದರು. ತಪ್ಪಾಯಿತು ಅಂತ. ಆಮೇಲಿನ ಮಾತೆಲ್ಲ ಮಲಯಾಳದಲ್ಲೇ ಆಯಿತು.

"ಇವತ್ತೇ ಆ ಸಾಲು ತೆಗೀತೇನೆ," ಅಂದರು.

"ತೆಗೆದರೆ ಮುಗೀತಾ? ಯಾರೂ ಇಲ್ಲ ಅನ್ನೋದು ಹೋಯ್ತು. ನಾನು ಇದ್ದೇನೆ ಅನ್ನೋದು ಎಲ್ಲಿ ಬಂತು?"

ಟೀಚರ್ ಹೌದು ಅಂತ ತಲೆಯಾಡಿಸಿದರು. ಆಮೇಲೆ ಹುಡುಗರಿಗೆ ಹೇಳಿದರು: "ಇಲ್ಲಿವರೆಗೆ ನಾನು ಒಬ್ಬಳೇ ಕೂತು ಪಾಠ ಮಾಡಿ, ಮುಗಿದ ಮೇಲೆ ಎಲ್ಲರಿಗೂ ಕೊಟ್ಟೆ. ಇನ್ನು ಮಾಡುವಾಗಲೇ ಎಲ್ಲರೂ ಕೂರೋಣ. ಪಾಠದಲ್ಲಿ ಯಾರಿದ್ದಾರೋ ಅವರೂ ಕೂರಲಿ. ಆಮೇಲೂ ಅವರು ತಿದ್ದಲಿ."

ಹಾಗೆಲ್ಲ ಹೇಳುವವರನ್ನು ಬೇಕಾದಷ್ಟು ನೋಡಿದ್ದೆ. ನಂಬಲಿಲ್ಲ. ಆದರೆ ಅರಣ್ಯ ಇಲಾಖೆಯ ಅನುಮತಿ ಸಿಕ್ಕಿದ ಕೂಡಲೇ ಟೀಚರ್ ಇಡೀ ಕ್ಲಾಸನ್ನು ನನ್ನ ಅಂಗಳಕ್ಕೆ ಕರೆತಂದರು. ಕೂರಲು ಚಾಪೆ ಸಾಲಲಿಲ್ಲ. ಕಾಲೋನಿಯಿಂದ ನನ್ನ ಗೆಳತಿಯೂ ಬಂದಿದ್ದಳು. ಹಾಲಿಲ್ಲದ ಕಟ್ಟನ್ ಚಾಯ ಕಾಸುತ್ತ ಅವಳು, "ನಿನಗೆ ಸೊಕ್ಕು. ಅದಕ್ಕೇ ಇಲ್ಲಿ ಕೂತಿದ್ದೀ," ಅಂತ ಎಲ್ಲರ ಮುಂದೆ ಬೈದಳು. ಎಷ್ಟು ದಿನವಾಗಿತ್ತು ಅವಳ ಬೈಗುಳ ಕೇಳಿ.

ಹುಡುಗರು ಇಂಗ್ಲಿಷಿನಲ್ಲಿ ಒಂದೊಂದು ಸಾಲು ಬರೆದು ಓದುವುದು, ಸೌಮ್ಯ ಅದನ್ನು ನಮ್ಮ ಮಾತಿಗೆ ತರುವುದು, ನಾವು ಹೂಂ ಅಂದರೆ ಮುಂದಕ್ಕೆ. ಒಬ್ಬ ಹುಡುಗ, ಈ ಅಮ್ಮ ಕಾಡಿನ ಮೇಲಿನ ಪ್ರೀತಿಯಿಂದ ಇಲ್ಲೇ ಉಳಿದರು ಅಂತ ಬರೆದಿದ್ದ.

"ಅದನ್ನು ಹೊಡೆದು ಹಾಕು," ಅಂದೆ. "ಜಿಗಣೆ ಕಚ್ಚುತ್ತೆ, ಹಂದಿ ಗೆಣಸು ಅಗೆದು ತಿನ್ನುತ್ತೆ. ಎಂತ ಪ್ರೀತಿ?"

"ಮತ್ತೆ ಯಾಕೆ ಹೋಗಿಲ್ಲ?"

"ಹೋಗಿದ್ದೆ. ಕಾಲೋನಿಯಲ್ಲಿ ಮಗಳ ಮನೆಯಲ್ಲಿ ಒಂದು ಮಳೆಗಾಲ ಇದ್ದೆ. ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೋದರೆ ಟಿವಿ ಮುಂದೆ ಗೋಡೆ ನೋಡಿಕೊಂಡು ಕೂರಬೇಕು. ಅಲ್ಲೂ ಒಬ್ಬಳೇ, ಇಲ್ಲೂ ಒಬ್ಬಳೇ. ಇಲ್ಲಿ ಕೋಳಿಯಾದರೂ ಉಂಟು."

ಹುಡುಗ ಅದನ್ನೇ ಬರೆದ. ಮುಂದಿನ ಸಾಲು ಓದಲು ಬಂದವಳು ಒಂದು ಹುಡುಗಿ. ಅರ್ಧಕ್ಕೆ ನಿಲ್ಲಿಸಿ ಟೀಚರ್ ಮುಖ ನೋಡಿದಳು. ಟೀಚರ್, "ಅವರನ್ನೇ ಕೇಳು," ಅಂದರು. ಸೌಮ್ಯ ಮೆಲ್ಲಗೆ ಹೇಳಿದಳು, "ಒಂಟಿ ಅಂತ ಬರ್ದಿದ್ದಾಳಜ್ಜಿ. ನಿಮಗೆ ಬೇಜಾರಾಗೋದಾದ್ರೆ ತೆಗೀತಾಳಂತೆ."

ಎಲ್ಲರೂ ನನ್ನ ಕಡೆ ತಿರುಗಿದರು. ಗೆಳತಿಯೂ ಲೋಟ ಹಿಡಿದು ನಿಂತುಬಿಟ್ಟಳು.

"ಇರಲಿ," ಅಂದೆ. "ಸುಳ್ಳೇನಲ್ಲವಲ್ಲ."

ಬೆಳಕಿರುವಾಗಲೇ ಎಲ್ಲರೂ ಹೊರಟರು. ಗೆಳತಿಯೂ ಹೋದಳು. ಇಷ್ಟು ಜನ ಬಂದು ಹೋದ ಮೇಲೆ ಮನೆ ಮೊದಲಿಗಿಂತ ದೊಡ್ಡದಾದ ಹಾಗಿತ್ತು. ಇದೆಂಥ ಉಪಕಾರ ಅಂತ ಸಿಟ್ಟೂ ಬಂತು. ಇವತ್ತಿಗೂ ಆ ಹುಡುಗರ ಮೇಲೆ ನನಗೆ ಅರ್ಧ ಸಿಟ್ಟು, ಅರ್ಧ ವಿಶ್ವಾಸ. ನನ್ನನ್ನು ಕೇಳಿ ಬರೆದರು, ಅದು ಮಾತ್ರ ದೊಡ್ಡದು.

ಮರುದಿನ ಬೆಳಿಗ್ಗೆ ಕೋಳಿ ಬಿಟ್ಟು, ಕಾಲೋನಿಗೆ ನಡೆದೆ. ಸೌಮ್ಯ ಬಸ್ಸಿಗೆ ಹೊರಟಿದ್ದಳು. ಪಾಠಕ್ಕೆ ಇನ್ನೊಂದು ಸಾಲು ಸೇರಿಸು ಅಂದೆ. ಏನಂತ ಅಂದಳು.

"ನನ್ನ ಮನೆಗೆ ಬರುವವರು ಮಧ್ಯಾಹ್ನದೊಳಗೆ ಬರಲಿ, ಸಂಜೆ ದಾರಿಯಲ್ಲಿ ಆನೆ ಇರ್ತದೆ ಅಂತ ಬರಿ," ಅಂದೆ. ಅವಳು ಬರೆದು ಮುಗಿಸುವವರೆಗೂ ಅಲ್ಲೇ ನಿಂತಿದ್ದೆ.