ಮಿರಜಿನಲ್ಲಿ ರಿವಾಲ್ವರ್ ಆರಿಸಿದ್ದು

ಗಾಳಿಯಿಂದ ಕರೆಂಟ್ ತೆಗೆಯುವ ಕಂಪನಿ ನನಗೆ ಗಾಳಿ ಅಳೆಯಲು ಗುಡ್ಡದ ಅಡವಿ ತಿರುಗುವ ಕೆಲಸ ಕೊಟ್ಟಿತು. ಅಲ್ಲಿ ಚಿರತೆ ಇತ್ತು. ಲೈಸೆನ್ಸ್ ಸಿಕ್ಕ ಮೇಲೆ ರಿವಾಲ್ವರ್ ಕೊಳ್ಳಲು ಮಿರಜಿಗೆ ಹೋದೆ. ಅಂಗಡಿ ನಡೆಸುತ್ತಿದ್ದಾಕೆ ನಡುವಯಸ್ಸಿನ ಹೆಂಗಸು. ಚಿರತೆ ಇರುವ ಗುಡ್ಡದಲ್ಲಿ ಕೆಲಸ ಅಂತ ಆಕೆಗೆ ಹೇಳಿ, ದಿನವಿಡೀ ನಡೆಯಬೇಕಲ್ಲ ಅಂತ ಹಗುರಾದದ್ದನ್ನು ಆರಿಸಿದೆ.

“ಖಾಲಿ ಐತ್ರಿ. ಸೊಂಟಕ್ಕ ಸಿಗಿಸಿ ಬಗ್ಗರಿ,” ಅಂದಳು.

ಬಗ್ಗಿದೆ. ಅದು ಜಾರಿ ನೆಲಕ್ಕೆ ಬಿತ್ತು.

“ಕಾಕಾ, ಚಿರತಿ ಬರೂಕಿಂತ ಮೊದಲ ಇದು ಜಾರಿ ಬೀಳ್ತದ, ಹಿಡಿಯಾಕ ಹೋಗಿ ನೀವೂ ಬೀಳ್ತೀರಿ. ಸೊಂಟಕ್ಕ ಕಟ್ಟೂ ತೊಗಲಿನ ಚೀಲದಾಗಿನ ಭಾರಂದು ತಗೋರಿ. ನೀವು ಬಿದ್ದರ ಮನ್ಯಾಗ ಯಾರಿಗೆ ತಿಳಸ್ಬೇಕು?”

“ಯಾರೂ ಇಲ್ಲ. ಹೆಂಡತಿ ತೀರಿಹೋಗಿ ಆರು ತಿಂಗಳಾತು.”

ಆಕೆ ಅಂಗಡಿಯ ನಂಬರ್ ಬರೆದ ಚೀಟಿಯನ್ನು ಆ ಚೀಲದೊಳಗೆ ತುರುಕಿದಳು. “ವಾರಕ್ಕೊಮ್ಮೆ ಕೆಳಗ ಇಳದಾಗ ಫೋನ್ ಮಾಡ್ರಿ.”

ಅಂಥ ಅಂಗಡಿಯವರನ್ನು ನಾನು ಕಂಡಿರಲಿಲ್ಲ.

ಚಿರತೆಯನ್ನು ಇನ್ನೂ ಕಂಡಿಲ್ಲ. ಶನಿವಾರಕ್ಕೊಮ್ಮೆ ಎಸ್‌ಟಿಡಿ ಬೂತಿಗೆ ಹೋಗಿ, ಆಕೆಗೆ ಫೋನ್ ಮಾಡಿ, ಬಿದ್ದಿಲ್ಲ ಅಂತ ಹೇಳಿ ಬರುತ್ತೇನೆ.