ಯಶೋದಮ್ಮನ ಬೋಗುಣಿಯ ಮುಂದೆ

ಸರಗೂರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಅಡುಗೆಯ ಯಶೋದಮ್ಮ ಆಗಲೇ ಕಾಲು ಚಾಚಿ ಕೂತಿದ್ದಾರೆ. ಮುಂದೆ ಬೋಗುಣಿ ತುಂಬ ನೆನೆದ ಅವರೆಕಾಳು. ಹೆಬ್ಬೆರಳು ಒತ್ತಿದರೆ ಪಚಕ್ಕನೆ ಸಿಪ್ಪೆ ಕಳಚಿ ಬೇಳೆ ಹಾರುತ್ತದೆ. ಎಂಬತ್ತು ಮಕ್ಕಳ ಸಾರಿಗೆ ಹಿತುಕುವುದೆಂದರೆ ಸುಮ್ಮನೆಯೇ! ಅದಕ್ಕೇ ಈಕೆ ಒಬ್ಬಳನ್ನು ಜೊತೆಗೆ ಕೂರಿಸಿಕೊಳ್ಳುತ್ತಾರೆ. ಚುರುಕಿನವಳನ್ನಲ್ಲ, ಮುಖ ಊದಿಸಿಕೊಂಡವಳನ್ನು.

"ಏನಾಯ್ತೇ ಅಂತ ಕೇಳುದ್ರೆ ಒಂದೂ ಬಾಯಿ ಬುಡಾಕಿಲ್ಲ ಕಣ್ರೀ. ಕೈಗೆ ಕಾಳು ಕೊಡಿ, ತಾವೇ ಯೋಳ್ತವೆ," ಎನ್ನುತ್ತಾರೆ.

ಹೋದ ವರ್ಷ ಹೀಗೆ ಕೂತವಳು ಒಂಬತ್ತನೇ ತರಗತಿಯ ಬೃಂದಾ. ಕಬಡ್ಡಿಯಲ್ಲಿ ಹುಲಿ. ರಜೆಗೆ ಊರಿಗೆ ಹೋದಾಗ ದೊಡ್ಡವಳಾದಳು. ಸೋದರಮಾವ ಕಟ್ಟಿದ ಸೊಪ್ಪಿನ ಗುಡಿಸಲಲ್ಲಿ ಕೂತು, ಆರತಿ ಮಾಡಿಸಿಕೊಂಡು ಬಂದಳು. ಬಂದ ತಿಂಗಳಿಗೇ ತಟ್ಟೆ ಎಸೆದಳು, ಗೆಳತಿಯ ಜುಟ್ಟು ಹಿಡಿದಳು, ಕಬಡ್ಡಿ ಅಂಗಳದ ಕಡೆ ತಲೆಯನ್ನೂ ಹಾಕಲಿಲ್ಲ. ಗಾಳಿ ಸೋಕಿದೆಯೆಂದು ತಾಯಿ ಮರಮ್ಮ ಊರಿಂದ ಬಂದು ತಾಯತ ಕಟ್ಟಿಸಿದರು. ವಾರ್ಡನ್ ಅವಳನ್ನು ಮನೆಗೆ ಕಳಿಸಲು ಹೊರಟರು. ಮನೆ ಸೇರಿದರೆ ಓದು ಅಲ್ಲಿಗೇ ನಿಂತ ಹಾಗೆ. ಮದುವೆ ಮಾತು ಆಗಲೇ ಎದ್ದಿತ್ತು.

"ಒಂದು ವಾರ ನಂಗೆ ಬುಡಿ ಮೇಡಂ," ಎಂದು ಯಶೋದಮ್ಮ ಗೋಗರೆದರು.

ಮೊದಲ ದಿನ ಬೃಂದಾ ಕಾಳನ್ನು ಗೋಡೆಗೆ ಎಸೆದಳು. ಈಕೆ ಬೈಯದೆ ಆಯ್ದು ಮತ್ತೆ ಮುಂದಿಟ್ಟರು. ವಾರ ಮುಗಿಯುವ ಹೊತ್ತಿಗೆ ಹುಡುಗಿ ತಲೆ ಎತ್ತದೆಯೇ ಅಂದಳು: "ಆರತಿ ಆದ್ಮೇಲೆ ಮುಗೀತು ಅಂದ್ಕಂಡಿದ್ದೆ ಅಕ್ಕ. ಮತ್ತೆ ರಕ್ತ ಬಂತು. ಕಬಡ್ಡಿ ಆಡಿ ಒಳಗೇನೋ ಕಿತ್ತೋಗ್ಯದೆ. ನಾನು ಸಾಯ್ತೀನಿ."

ಅಷ್ಟು ಸಡಗರದ ಆರತಿಯಲ್ಲಿ, ಇದು ತಿಂಗಳು ತಿಂಗಳೂ ಬರುತ್ತದೆಂಬ ಒಂದು ಮಾತನ್ನು ಯಾರೂ ಹೇಳಿರಲಿಲ್ಲ! ಯಶೋದಮ್ಮ ಅವಳನ್ನು ಬಾಚಿ ತಬ್ಬಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದರು. ರಜೆ ಹಾಕಿ, ಬಸ್ಸು ಹತ್ತಿ ಅವಳ ಊರಿಗೂ ಹೋದರು. "ನಂಗೂ ಯಾರೂ ಯೋಳ್ಕೊಟ್ಟಿರ್ನಿಲ್ಲ ಕಣಕ್ಕ," ಎಂದು ಮರಮ್ಮ ಕಣ್ಣೊರೆಸಿಕೊಂಡರು. ಮದುವೆ ಮಾತನ್ನು ಅವರೇ ನಿಲ್ಲಿಸಿದರು.

ಈ ಸಲ ತಾಲ್ಲೂಕು ಕಬಡ್ಡಿ ಕಪ್ಪು ಹಾಸ್ಟೆಲಿನ ಹುಡುಗಿಯರದೇ. ನಾಯಕಿ ಬೃಂದಾ ಅದನ್ನು ನೇರ ಅಡುಗೆಮನೆಗೆ ಹೊತ್ತು ತಂದಿದ್ದಳು.

ಇವತ್ತು ಬೋಗುಣಿಯ ಮುಂದೆ ಕೂತವಳು ಸುಕನ್ಯ, ಹೋದ ತಿಂಗಳು ಆರತಿ ಮುಗಿಸಿ ಬಂದ ಏಳನೇ ತರಗತಿಯವಳು. ಮುಖ ಬಿಗಿದುಕೊಂಡಿದ್ದಾಳೆ. ಯಶೋದಮ್ಮ ಬಾಯಿ ತೆರೆಯುವ ಮೊದಲೇ ಬೃಂದಾ ಬಂದು ಅವಳ ಪಕ್ಕ ಕೂರುತ್ತಾಳೆ.

"ಇತುಕಮ್ಮಿ, ಇತುಕು. ಅದು ತಿಂಗ್ಳು ತಿಂಗ್ಳೂ ಬತ್ತದೆ. ನಾನೇನು ಸತ್ತೋದ್ನ?"

ಯಶೋದಮ್ಮ ಸೆರಗಿಗೆ ಕೈ ಒರೆಸಿಕೊಂಡು ಏಳುತ್ತಾರೆ. "ನೋಡುದ್ರಾ? ಇನ್ಮೇಲೆ ನಾನು ಸಾರು ನೋಡ್ಕಂಡ್ರೆ ಸಾಕು ಬುಡಿ."