ಆ ಬಾಗಿಲ ಚಿಲಕ
ಬೀಗ ರಿಪೇರಿಯ ಅಣ್ಣನಿಗೆ ಜಗತ್ತಿನಲ್ಲಿರುವುದು ಒಂದೇ ಸಿನಿಮಾ: ಊರಿಗೆ ಊರೇ ಸತ್ತು ರಕ್ತ ಹೀರುವ ಪಿಶಾಚಿಗಳಾದ ಮೇಲೆ ಒಬ್ಬನೇ ಉಳಿದವನ ಹಳೆಯ ಕಪ್ಪುಬಿಳುಪು ಚಿತ್ರ. ಅಂಗಡಿಯ ಟೀವಿಯಲ್ಲಿ ಅದು ಓಡುತ್ತಿದ್ದರೆ ಗಿರಾಕಿಗಳ ಕೆಲಸ ಕೆಟ್ಟಿತೆಂದೇ ಲೆಕ್ಕ. “ಅವನ ಮನೆ ಬಾಗಿಲ ಆ ಚಿಲಕ ಬೆಕ್ಕನ್ನೂ ತಡೆಯಲ್ಲ ಸಾರ್! ನನ್ನ ಕರೆಸಿದ್ರೆ ಸಿನಿಮಾನೇ ಇರ್ತಿರಲಿಲ್ಲ,” ಎಂದು ಎದೆಯುಬ್ಬಿಸುವವನು, ಪಿಶಾಚಿ ಬಾಗಿಲು ಬಡಿದೊಡನೆ ಸ್ಟೂಲಿನಿಂದ ಹಾರಿಬೀಳುತ್ತಾನೆ. “ಇಂಥ ಪುಕ್ಕಲನ ಕೈಗೆ ನಿಮ್ಮನೆ ಬೀಗ ಕೊಟ್ಟಿದೀರಲ್ಲ, ಬುದ್ಧಿ ಬೇಡ್ವಾ?” ಎಂದು ತಾನೇ ನಗುತ್ತಾನೆ. ಆದರೆ ಮಣ್ಣು ಮಾಡಿದ ಹೆಂಡತಿಯೇ ಬಂದು ಕರೆದಾಗ ಸಿನಿಮಾದವನು ಬಾಗಿಲು ತೆಗೆಯುತ್ತಾನಲ್ಲ, ಅಲ್ಲಿ ಮಾತ್ರ ಅಣ್ಣ ತಪ್ಪು ಹುಡುಕುವುದಿಲ್ಲ. ಕೀಲಿ ಉಜ್ಜುತ್ತಿದ್ದ ಅರ ಕೆಳಗಿಡುತ್ತಾನೆ. “ನಾನೂ ಅವನಂಥ ಪೆದ್ದನೇ ಸಾರ್. ನನ್ನವಳನ್ನ ಮಣ್ಣು ಮಾಡೋವಾಗ ಮನೆ ಕೀಲಿಯೊಂದನ್ನ ಅವಳ ಕೈಲಿಟ್ಟೆ. ಬೀಗ ಇವತ್ತಿಗೂ ಬದಲಾಯಿಸಿಲ್ಲ.”